ಲೋಹಶೋಧಕದ ಕಾಯಿಲ್: ಕಡಲತೀರದ ಒಣ ಮರಳಿಗೂ ಒದ್ದೆ ಮರಳಿಗೂ

ಮೆಟಲ್ ಡಿಟೆಕ್ಟರ್ ಎಂದು ಎಲ್ಲರೂ ಕರೆಯುವ ಲೋಹಶೋಧಕದಲ್ಲಿ ಕೋಲಿನ ತುದಿಗೆ ಒಂದು ಚಪ್ಪಟೆ ಬಿಲ್ಲೆ ಇರುತ್ತದೆ. ಅದರೊಳಗಿನ ತಾಮ್ರದ ತಂತಿಯ ಸುತ್ತುಗಳೇ ಕಾಯಿಲ್. ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಇಳಿಸುವುದೂ ಅಲ್ಲಿ ಲೋಹವಿದ್ದರೆ ಅದರಿಂದ ಹೊರಡುವ ಕ್ಷೀಣ ಸಿಗ್ನಲನ್ನು ಹಿಡಿಯುವುದೂ ಅದರ ಕೆಲಸ. ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ಸ್ ಎಷ್ಟೇ ಒಳ್ಳೆಯದಿರಲಿ, ಕಾಯಿಲ್ ಹಿಡಿಯದ ಸಿಗ್ನಲನ್ನು ಅದು ಹುಟ್ಟಿಸಲಾರದು. ಕಡಲತೀರದಲ್ಲಿ ಈ ಮಾತಿಗೆ ಇನ್ನಷ್ಟು ತೂಕ, ಏಕೆಂದರೆ ಅಲ್ಲಿ ಕೆಲವೇ ಹೆಜ್ಜೆಗಳಲ್ಲಿ ನೆಲದ ಗುಣ ಬದಲಾಗಿಬಿಡುತ್ತದೆ. ಉಬ್ಬರದ ಗೆರೆಯ ಮೇಲಿನ ಒಣ ಮರಳು ವಿದ್ಯುತ್ತಿನ ಮಟ್ಟಿಗೆ ಹೆಚ್ಚುಕಡಿಮೆ ಮೂಕ. ಗೆರೆಯ ಕೆಳಗಿನ, ಸಮುದ್ರದ ನೀರು ಕುಡಿದ ಮರಳು ತಾನೇ ಒಂದು ವಾಹಕ. ಕಾಯಿಲ್‌ನ ಅಡಿಯಲ್ಲಿ ಅದು ಹಾಸಿಟ್ಟ ತೆಳು ತಗಡಿನಂತೆ ವರ್ತಿಸುತ್ತದೆ.

ಒಣ ಮರಳಿಗೆ ಕಾಯಿಲ್ ಆರಿಸುವಾಗ ಅದು ಎಷ್ಟು ಆಳಕ್ಕೆ ಮುಟ್ಟುತ್ತದೆ, ಹತ್ತಿರ ಹತ್ತಿರ ಬಿದ್ದ ಎರಡು ವಸ್ತುಗಳನ್ನು ಎಷ್ಟು ಬಿಡಿಸಿ ತೋರಿಸುತ್ತದೆ ಎಂದು ಕೇಳಬೇಕು. ಒದ್ದೆ ಮರಳಿಗೆ ಆರಿಸುವಾಗ ನೆಲದ ಗದ್ದಲವನ್ನು ಅದು ಎಷ್ಟು ಕಡಿಮೆ ಎತ್ತಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು. ದೊಡ್ಡ ಕಾಯಿಲ್ ಎಂದರೆ ಹೆಚ್ಚು ಆಳ ಎಂಬ ಸಾಮಾನ್ಯ ನಂಬಿಕೆ ಮೊದಲನೆಯ ಕಡೆ ಬಹುಪಾಲು ಸರಿ, ಎರಡನೆಯ ಕಡೆ ಹಲವು ಬಾರಿ ತಪ್ಪು.

ಹಿನ್ನೆಲೆ

ಸುರುಳಿಗಳ ಸಮತೋಲನದಿಂದ ಲೋಹವನ್ನು ಗುರುತಿಸುವ ವಿಧಾನ 19ನೇ ಶತಮಾನದ್ದು. 1879ರಲ್ಲಿ ಡೇವಿಡ್ ಹ್ಯೂಸ್ ಲಂಡನ್ನಿನಲ್ಲಿ ತನ್ನ ಇಂಡಕ್ಷನ್ ಬ್ಯಾಲೆನ್ಸ್ ಯಂತ್ರವನ್ನು ತೋರಿಸಿದ. ಎರಡು ವರ್ಷಗಳ ನಂತರ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ದೇಹದಲ್ಲಿ ಹೊಕ್ಕಿದ್ದ ಗುಂಡನ್ನು ಪತ್ತೆಹಚ್ಚಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ತ್ವದ ಸಾಧನವನ್ನು ಬಳಸಿ ಸೋತ. ರೋಗಿಯ ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಗೊಂದಲ ಎಬ್ಬಿಸಿದ್ದವು. ವೈದ್ಯರು ದೇಹದ ಒಂದೇ ಬದಿಯನ್ನು ಪರೀಕ್ಷಿಸಲು ಬಿಟ್ಟದ್ದೂ ಒಂದು ಕಾರಣ. ಹುಡುಕುವ ವಸ್ತುವಿನ ಸುತ್ತಲಿನ ಲೋಹ ಕಾಯಿಲನ್ನು ಹೇಗೆ ಕೆಡಿಸಬಲ್ಲದು ಎಂಬುದಕ್ಕೆ ಇದು ಮೊದಲ ದೊಡ್ಡ ಉದಾಹರಣೆ. ಕಡಲತೀರದಲ್ಲಿ ಹಾಸಿಗೆಯ ತಂತಿಯ ಪಾತ್ರ ಉಪ್ಪುನೀರಿನದು.

ಹೊತ್ತೊಯ್ಯಬಲ್ಲ ಲೋಹಶೋಧಕಕ್ಕೆ ಗೆರ್ಹಾರ್ಡ್ ಫಿಶರ್‌ಗೆ 1937ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಎರಡನೇ ಮಹಾಯುದ್ಧದಲ್ಲಿ ಸ್ಕಾಟ್ಲೆಂಡ್‌ನಲ್ಲಿದ್ದ ಪೋಲಿಷ್ ಅಧಿಕಾರಿ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬು ಶೋಧಕಗಳಲ್ಲಿ 500ನ್ನು 1942ರ ಎಲ್ ಅಲಮೇನ್ ಕದನಕ್ಕೆ ಕಳಿಸಲಾಯಿತು. ಅಲ್ಲಿನ ಒಣ ಮರುಭೂಮಿಯ ಮರಳು ಇಂಥ ಯಂತ್ರಕ್ಕೆ ಅನುಕೂಲವಾದ ನೆಲ.

ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಹಳೆಯ ಶೋಧಕಗಳು ಫ್ಲೋರಿಡಾದ ಪೂರ್ವ ತೀರಕ್ಕೂ ಬಂದವು. 1715ರ ಜುಲೈ ಕೊನೆಯಲ್ಲಿ ಹವಾನಾದಿಂದ ಸ್ಪೇನ್‌ಗೆ ಹೊರಟಿದ್ದ ಹಡಗುಗಳ ಪಡೆ ಅಲ್ಲಿ ಚಂಡಮಾರುತಕ್ಕೆ ಸಿಕ್ಕಿ ನಾಶವಾಗಿತ್ತು. 12ರಲ್ಲಿ 11 ಹಡಗುಗಳು ಉಳಿಯಲಿಲ್ಲ. ಸೆಬಾಸ್ಟಿಯನ್ ಪಟ್ಟಣದ ಬಳಿ ಮನೆ ಕಟ್ಟಿಸುವ ಕೆಲಸದಲ್ಲಿದ್ದ ಕಿಪ್ ವ್ಯಾಗ್ನರ್, ಬಿರುಗಾಳಿಯ ನಂತರ ಮರಳಿನಲ್ಲಿ ಕಾಣಿಸಿಕೊಳ್ಳುತ್ತಿದ್ದ ಬೆಳ್ಳಿ ನಾಣ್ಯಗಳ ಬೆನ್ನುಹತ್ತಿ ಇಂಥದೊಂದು ಶೋಧಕದಿಂದ ಹುಡುಕಿ, ಕೊನೆಗೆ ಸಮುದ್ರದೊಳಗಿನ ಅವಶೇಷಗಳ ತನಕ ಹೋದರು. 1965ರ ಜನವರಿಯ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಯಲ್ಲಿ ಅವರ ಬರಹ ಬಂದ ಮೇಲೆ ಕಡಲತೀರದ ಲೋಹಶೋಧನೆ ದೊಡ್ಡ ಹವ್ಯಾಸವಾಗಿ ಬೆಳೆಯಿತು. ಈಗ ಟ್ರೆಷರ್ ಕೋಸ್ಟ್ ಎಂದೇ ಹೆಸರಾದ ಆ ತೀರ ಕಾಯಿಲ್‌ಗಳನ್ನು ಒರೆಗೆ ಹಚ್ಚಲು ಒಳ್ಳೆಯ ಜಾಗ. ಮೇಲ್ಭಾಗದಲ್ಲಿ ಪ್ರವಾಸಿಗರು ಕಳೆದುಕೊಂಡ ಇಂದಿನ ವಸ್ತುಗಳು, ಕೆಳಗೆ ಉಪ್ಪುನೀರಿನಲ್ಲಿ ನೆನೆದ ಮರಳಿನಡಿ ಮೂರು ಶತಮಾನದ ಹಿಂದಿನವು.

ಕಾಯಿಲ್‌ನ ಬಗೆಗಳು

ಇಂದಿನ ಹೆಚ್ಚಿನ ಯಂತ್ರಗಳಲ್ಲಿ ಕಾಯಿಲ್ ಬಿಲ್ಲೆಯೊಳಗೆ ಕನಿಷ್ಠ ಎರಡು ಸುತ್ತುಗಳಿವೆ. ಒಂದರಲ್ಲಿ ಕೆಲವು ಸಾವಿರ ಹರ್ಟ್ಸ್‌ನಿಂದ ಹಲವು ಹತ್ತು ಸಾವಿರ ಹರ್ಟ್ಸ್‌ವರೆಗಿನ ಪರ್ಯಾಯ ವಿದ್ಯುತ್ ಹರಿಯುತ್ತದೆ. ಅದರ ಕಾಂತಕ್ಷೇತ್ರ ಲೋಹದಲ್ಲಿ ಸುಳಿ ವಿದ್ಯುತ್ತನ್ನು ಎಬ್ಬಿಸುತ್ತದೆ. ಆ ಸುಳಿಗಳ ಕ್ಷೇತ್ರವನ್ನು ಎರಡನೆಯ ಸುತ್ತು ಹಿಡಿಯುತ್ತದೆ. ಕಳಿಸುವ ಸುತ್ತಿನ ಅಬ್ಬರ ಹಿಡಿಯುವ ಸುತ್ತಿಗೆ ನೇರವಾಗಿ ಕೇಳಿಸದಂತೆ ಎರಡನ್ನೂ ಬಹಳ ನಿಖರವಾಗಿ ಕೂರಿಸಬೇಕು. ಅದಕ್ಕಾಗಿಯೇ ಬಿಲ್ಲೆಯೊಳಗೆ ಎಪಾಕ್ಸಿ ಸುರಿದು ಎಲ್ಲವನ್ನೂ ಗಟ್ಟಿಮಾಡುತ್ತಾರೆ. ಕೂದಲೆಳೆಯಷ್ಟು ಸರಿದರೂ ಸಮತೋಲನ ಹೋಗುತ್ತದೆ. ಬಿಸಿಲಲ್ಲಿ ಕಾದ ಕಾಯಿಲನ್ನು ತಟ್ಟನೆ ತಣ್ಣೀರಿಗೆ ಇಳಿಸಿದಾಗ ಯಂತ್ರ ಕೆಲಕಾಲ ಚಂಚಲವಾಗುವುದಕ್ಕೆ ಇದೇ ಕಾರಣ.

ಕಾನ್ಸೆಂಟ್ರಿಕ್ ಕಾಯಿಲ್‌ನಲ್ಲಿ ದೊಡ್ಡ ವೃತ್ತದ ನಡುವೆ ಸಣ್ಣ ವೃತ್ತ ಇರುತ್ತದೆ. ಅದು ನೋಡುವ ಪ್ರದೇಶ ಕೆಳಕ್ಕೆ ಹೋದಂತೆ ಶಂಕುವಿನ ಹಾಗೆ ಕಿರಿದಾಗುತ್ತದೆ. ವಸ್ತು ಎಲ್ಲಿದೆ ಎಂದು ಬಿಲ್ಲೆಯ ನಡುವಿನಿಂದಲೇ ನಿಖರವಾಗಿ ಹೇಳಬಹುದು, ಕಬ್ಬಿಣವನ್ನು ಬೇರ್ಪಡಿಸುವುದರಲ್ಲೂ ಇದು ಗಟ್ಟಿಗ. ಆದರೆ ತನ್ನ ಅಡಿಯ ನೆಲವನ್ನೆಲ್ಲ ಒಟ್ಟಿಗೆ ನೋಡುವುದರಿಂದ ನೆಲದ ಸಿಗ್ನಲ್ಲೂ ದೊಡ್ಡದಾಗಿ ಬರುತ್ತದೆ.

ಡಬಲ್-ಡಿ ಅಥವಾ ಡಿಡಿ ಕಾಯಿಲ್‌ನಲ್ಲಿ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಎರಡು ಸುತ್ತುಗಳು ಬೆನ್ನಿಗೆ ಬೆನ್ನು ಕೊಟ್ಟು, ನಡುವೆ ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತವೆ. ಸೂಕ್ಷ್ಮತೆಯೆಲ್ಲ ಆ ನಡುವಿನ ಪಟ್ಟಿಯಲ್ಲಿ, ಹಿಂದಿನಿಂದ ಮುಂದಕ್ಕೆ ಉದ್ದಕ್ಕೆ ಹರಡಿದೆ. ಪಟ್ಟಿಯ ಆಚೀಚಿನ ನೆಲದ ಸಿಗ್ನಲ್‌ಗಳು ಪರಸ್ಪರ ವಿರುದ್ಧವಾಗಿ ಬಂದು ಬಹುಪಾಲು ಕಳೆದುಹೋಗುತ್ತವೆ. ಹೀಗಾಗಿ ಖನಿಜ ತುಂಬಿದ ನೆಲದಲ್ಲೂ ಉಪ್ಪು ನೆಲದಲ್ಲೂ ಡಿಡಿ ಶಾಂತ. ಒಂದು ಬೀಸಿಗೆ ಅದು ಹೆಚ್ಚು ಅಗಲದ ನೆಲವನ್ನು ಬಿಡದೆ ಗುಡಿಸುತ್ತದೆ. ಅದರ ಒಂದು ದೌರ್ಬಲ್ಯ ಸೋಡಾ, ಬಿಯರ್ ಬಾಟಲಿಗಳ ಉಕ್ಕಿನ ಮುಚ್ಚಳ. ಚಪ್ಪಟೆಯಾದ ಈ ಮುಚ್ಚಳ ಡಿಡಿಯ ಅಡಿಯಲ್ಲಿ ಹಲವು ಬಾರಿ ಒಳ್ಳೆಯ ನಾಣ್ಯದಂತೆ ದನಿ ಕೊಡುತ್ತದೆ, ಕಾನ್ಸೆಂಟ್ರಿಕ್ ಕಾಯಿಲ್ ಅದನ್ನು ಸುಲಭವಾಗಿ ಹಿಡಿದುಹಾಕುತ್ತದೆ.

ಪಲ್ಸ್ ಇಂಡಕ್ಷನ್ ಯಂತ್ರಗಳದು ಬೇರೆ ದಾರಿ. ಅವು ವಿದ್ಯುತ್ತನ್ನು ಚಿಕ್ಕ ಮಿಡಿತಗಳಾಗಿ ಕಳಿಸಿ, ಥಟ್ಟನೆ ನಿಲ್ಲಿಸಿ, ಆಮೇಲೆ ಏನು ಉಳಿದಿದೆ ಎಂದು ಆಲಿಸುತ್ತವೆ. ಕಳಿಸುವ ಹೊತ್ತೂ ಆಲಿಸುವ ಹೊತ್ತೂ ಬೇರೆಯಾದ್ದರಿಂದ ಮೋನೋಲೂಪ್ ಎಂಬ ಒಂದೇ ಸುತ್ತು ಸಾಕು. ಸಮತೋಲನದ ಗೋಜಿಲ್ಲದ ಇಂಥ ಕಾಯಿಲ್ ಅಲೆಯ ಪೆಟ್ಟು, ಶಾಖದ ಏರಿಳಿತ ಎರಡನ್ನೂ ಸಹಿಸುತ್ತದೆ. ಬ್ರಿಟನ್ನಿನಲ್ಲಿ ಈ ತಂತ್ರವನ್ನು ಬೆಳೆಸಿದವರಲ್ಲಿ ಎರಿಕ್ ಫಾಸ್ಟರ್ ಹೆಸರು ಮುಖ್ಯವಾದದ್ದು.

ಉಪ್ಪುನೀರು ಮಾಡುವ ಕೆಲಸ

ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಬೆಚ್ಚಗಿನ ತೀರಗಳಲ್ಲಿ ಅದರ ವಿದ್ಯುತ್ ವಾಹಕತೆ ಮೀಟರ್‌ಗೆ 5 ಸೀಮೆನ್ಸ್ ಆಸುಪಾಸು. ತಾಮ್ರಕ್ಕೆ ಹೋಲಿಸಿದರೆ ಇದು ಕೋಟಿ ಪಟ್ಟು ಕಡಿಮೆ. ಮರಳಿನ ಕಣಗಳು ವಿದ್ಯುತ್ ಹರಿಸುವುದಿಲ್ಲ, ಕಣಗಳ ಸಂದಿನಲ್ಲಿರುವ ನೀರು ಹರಿಸುತ್ತದೆ. ಆದ್ದರಿಂದ ಪೂರ್ತಿ ನೆನೆದ ಮರಳಿನ ವಾಹಕತೆ ಸಮುದ್ರದ ನೀರಿನ ಮೂರನೇ ಅಥವಾ ನಾಲ್ಕನೇ ಒಂದರಷ್ಟು. ಇಷ್ಟು ದುರ್ಬಲ ವಾಹಕ ಇಷ್ಟು ತೊಂದರೆ ಕೊಡುವುದು ಅದರ ಗಾತ್ರದಿಂದ. ಉಂಗುರ ಕೆಲವು ಗ್ರಾಂ ಚಿನ್ನ. ಕಾಯಿಲ್‌ನ ಅಡಿಯಲ್ಲಿ ಸ್ಪಂದಿಸುವ ಒದ್ದೆ ಮರಳು ಹತ್ತಾರು ಕಿಲೋ.

ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ಉಪ್ಪುನೀರು ಕಾಂತಕ್ಷೇತ್ರವನ್ನು ನುಂಗಿಬಿಡುತ್ತದೆ, ಆದ್ದರಿಂದ ಆಳ ಸಿಗುವುದಿಲ್ಲ ಎಂದು ಹೇಳುತ್ತಾರೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. 10 ಕಿಲೋಹರ್ಟ್ಸ್‌ನಲ್ಲಿ ಕ್ಷೇತ್ರ ಸಮುದ್ರದ ನೀರಿನೊಳಗೆ ಮೂರನೇ ಒಂದರಷ್ಟಕ್ಕೆ ಇಳಿಯಲು ಎರಡು ಮೀಟರ್‌ಗಿಂತ ಹೆಚ್ಚು ಸಾಗಬೇಕು, 40 ಕಿಲೋಹರ್ಟ್ಸ್‌ನಲ್ಲೂ ಒಂದು ಮೀಟರ್ ದಾಟುತ್ತದೆ. ಹವ್ಯಾಸಿ ಹುಡುಕುವುದು ಬಹಳವಾದರೆ ಅರ್ಧ ಮೀಟರ್ ಆಳದಲ್ಲಿ. ಕ್ಷೇತ್ರ ವಸ್ತುವನ್ನು ತಲುಪುತ್ತದೆ, ವಸ್ತುವಿನ ಉತ್ತರವೂ ಮೇಲೆ ಬರುತ್ತದೆ. ಆ ಉತ್ತರ ಉಪ್ಪುನೆಲದ ಇನ್ನೂ ದೊಡ್ಡ ಉತ್ತರದೊಳಗೆ ಮುಳುಗಿಹೋಗುವುದೇ ಸಮಸ್ಯೆ.

ಈ ನೆಲದ ಸಿಗ್ನಲ್ ಸ್ಥಿರವಾಗಿದ್ದರೆ ಯಂತ್ರ ಅದನ್ನು ಕಳೆದು ಬದಿಗಿಡಬಹುದಿತ್ತು. ಕಾಯಿಲ್ ಒಂದು ಸೆಂಟಿಮೀಟರ್ ಮೇಲೆದ್ದರೆ, ಒಂದು ಅಲೆ ಬಂದು ಹಿಂದೆ ಸರಿದರೆ, ಮರಳಿನ ತೇವ ಸ್ವಲ್ಪ ಕಡಿಮೆಯಾದರೆ ಅದು ಬದಲಾಗುತ್ತದೆ. ಬದಲಾಗುವುದೆಲ್ಲ ಯಂತ್ರಕ್ಕೆ ಲೋಹ. ಇದರ ಜೊತೆಗೆ, ಉಪ್ಪುನೆಲದ ಸಿಗ್ನಲ್‌ನ ಹಂತ, ಅಂದರೆ ಕಳಿಸಿದ ಅಲೆಗಿಂತ ಅದು ಎಷ್ಟು ಹಿಂದೆ ಬೀಳುತ್ತದೆ ಎಂಬುದು, ತೆಳು ಬೇಗಡೆಯ, ಸಣ್ಣ ಚಿನ್ನದ ಹಂತಕ್ಕೆ ತೀರಾ ಹತ್ತಿರ. ಒಂದೇ ಆವರ್ತನದಲ್ಲಿ ಓಡುವ ಯಂತ್ರವನ್ನು ಉಪ್ಪಿಗೆ ಹೊಂದಿಸಿ ಸುಮ್ಮನಾಗಿಸಿದರೆ ಅದೇ ಹೊಡೆತಕ್ಕೆ ಕಿವಿಯೋಲೆ, ಮೂಗುತಿ, ತೆಳು ಉಂಗುರಗಳೂ ಸುಮ್ಮನಾಗುತ್ತವೆ. ಎಳೆಚಿನ್ನದ ಸರ ಎಲ್ಲಕ್ಕಿಂತ ಕಷ್ಟ. ಅದರ ಪ್ರತಿ ಕೊಂಡಿಯೂ ಬೇರೆಯೇ ಒಂದು ಪುಟ್ಟ ವಸ್ತುವಾಗಿ ಸ್ಪಂದಿಸುವುದರಿಂದ ಹತ್ತು ಗ್ರಾಂ ಸರ ಎರಡು ಗ್ರಾಂ ಉಂಗುರಕ್ಕಿಂತ ಮಂಕಾಗಿ ಕೇಳಿಸಬಹುದು.

ಕಪ್ಪು ಮರಳು

ಮ್ಯಾಗ್ನೆಟೈಟ್ ಇರುವ ಕಪ್ಪು ಮರಳು ಇನ್ನೊಂದು ತೊಡಕು. ಅದರ ಸಿಗ್ನಲ್ ಉಪ್ಪಿನ ಸಿಗ್ನಲ್‌ಗಿಂತ ಬೇರೆ ಹಂತದಲ್ಲಿ ಬರುತ್ತದೆ. ಒಂದೇ ಆವರ್ತನದ ಯಂತ್ರ ಒಮ್ಮೆಗೆ ಒಂದಕ್ಕೆ ಮಾತ್ರ ಹೊಂದಿಕೊಳ್ಳಬಲ್ಲದು. ಎರಡೂ ಕೂಡಿದ ತೀರದಲ್ಲಿ ಅದು ಸೋಲುತ್ತದೆ. ಎರಡು ಅಥವಾ ಹೆಚ್ಚು ಆವರ್ತನಗಳನ್ನು ಒಟ್ಟಿಗೆ ಬಳಸುವ ಯಂತ್ರಗಳು ಗೆದ್ದದ್ದು ಇಲ್ಲಿಯೇ. ಆವರ್ತನ ಬದಲಾದಂತೆ ಉಪ್ಪಿನ ಸಿಗ್ನಲ್, ಕಬ್ಬಿಣದ ಮರಳಿನ ಸಿಗ್ನಲ್, ಚಿನ್ನದ ಸಿಗ್ನಲ್ ಬೇರೆ ಬೇರೆ ಪ್ರಮಾಣದಲ್ಲಿ ಬದಲಾಗುತ್ತವೆ. ಆ ವ್ಯತ್ಯಾಸ ಹಿಡಿದು ಮೊದಲೆರಡನ್ನು ಕಳೆದು ಮೂರನೆಯದನ್ನು ಉಳಿಸಿಕೊಳ್ಳಬಹುದು. ಫಿಶರ್ ಕಂಪನಿಯ ಸಿಜೆಡ್ ಸರಣಿ 5 ಮತ್ತು 15 ಕಿಲೋಹರ್ಟ್ಸ್‌ಗಳನ್ನು ಬಳಸಿತು. ಆಸ್ಟ್ರೇಲಿಯಾದ ಮೈನ್‌ಲ್ಯಾಬ್ 1990ರ ದಶಕದಲ್ಲಿ ಸಾವರಿನ್, ಎಕ್ಸ್‌ಕ್ಯಾಲಿಬರ್ ಯಂತ್ರಗಳಿಂದ ಕಡಲತೀರದವರ ಮನ ಗೆದ್ದಿತು, 2018ರಲ್ಲಿ ಈಕ್ವಿನಾಕ್ಸ್ ತಂದಿತು. ಫ್ರಾನ್ಸಿನ ಎಕ್ಸ್‌ಪಿಯ ಡ್ಯೂಸ್ 2, ಟರ್ಕಿಯ ನೋಕ್ಟಾದ ಲೆಜೆಂಡ್ ಇದೇ ಹಾದಿಯವು. ಫಿಶರ್‌ನದನ್ನು ಬಿಟ್ಟು ಉಳಿದವುಗಳ ಜೊತೆ ಬರುವ ಕಾಯಿಲ್ ಡಿಡಿ ಜಾತಿಯದು ಎಂಬುದು ಗಮನಿಸಬೇಕಾದ ಸಂಗತಿ.

ಕಪ್ಪು ಮರಳೆಲ್ಲ ಒಂದೇ ಅಲ್ಲ. ಕೇರಳದ ಚವರ ತೀರದ ಕರಿ ಮರಳಿನಲ್ಲಿ ಹೆಚ್ಚಾಗಿರುವ ಇಲ್ಮನೈಟ್ ದುರ್ಬಲ ಕಾಂತೀಯ ಖನಿಜ. ಯಂತ್ರಕ್ಕೆ ಅದು ಮ್ಯಾಗ್ನೆಟೈಟ್‌ನಷ್ಟು ಕಾಟ ಕೊಡುವುದಿಲ್ಲ. ನ್ಯೂಜಿಲೆಂಡಿನ ಉತ್ತರ ದ್ವೀಪದ ಪಶ್ಚಿಮ ತೀರದಲ್ಲಿ ಉಕ್ಕಿಗಾಗಿ ಗಣಿ ತೆಗೆಯುವಷ್ಟು ಟೈಟನೋಮ್ಯಾಗ್ನೆಟೈಟ್ ಇದೆ. ಅಲ್ಲಿ ಪಲ್ಸ್ ಯಂತ್ರವೇ ಸರಿ. ಫ್ಲೋರಿಡಾದ ಉತ್ತರ ಭಾಗದ ಪೊಂಟೆ ವೇಡ್ರ ಬೀಚ್‌ಗೆ ಮೊದಲು ಮಿನರಲ್ ಸಿಟಿ ಎಂಬ ಹೆಸರಿದ್ದದ್ದು ಅಲ್ಲಿನ ಭಾರ ಖನಿಜಗಳ ಗಣಿಯಿಂದ. ಕಾರವಾರದ ಮಾಜಾಳಿಯ ಬಳಿ ಎಳ್ಳಿನಂಥ ಕರಿ ಮರಳಿಗೆ ಹೆಸರಾದ ತಿಳಮಾತಿ ತೀರವಿದೆ. ಹೊಸ ತೀರದಲ್ಲಿ ಮರಳಿನ ಗುಣ ತಿಳಿಯಲು ಕಾಗದ ಸುತ್ತಿದ ಅಯಸ್ಕಾಂತವನ್ನು ಒಣ ಹೊಯ್ಗೆಯಲ್ಲಿ ಆಡಿಸಿದರೆ ಸಾಕು. ದಪ್ಪ ಗಡ್ಡದಂತೆ ಕಣ ಅಂಟಿ ಬಂದರೆ ಕಾನ್ಸೆಂಟ್ರಿಕ್ ಕಾಯಿಲನ್ನು ಚೀಲದಲ್ಲೇ ಬಿಡುವುದು ಒಳ್ಳೆಯದು.

ಆದರೂ ಕಪ್ಪು ಮರಳಿನಿಂದ ದೂರ ಹೋಗುವುದು ಜಾಣತನವಲ್ಲ. ಸಾಮಾನ್ಯ ಮರಳಿನ ಸಾಂದ್ರತೆ ನೀರಿನ 2.65 ಪಟ್ಟು, ಮ್ಯಾಗ್ನೆಟೈಟ್‌ನದು 5.2, ಸೀಸದ್ದು 11.3, ಅಪ್ಪಟ ಚಿನ್ನದ್ದು 19.3. ಅಲೆ ಹಗುರಾದದ್ದನ್ನು ಎಳೆದೊಯ್ದು ಭಾರವಾದದ್ದನ್ನು ಬಿಟ್ಟುಹೋಗುತ್ತದೆ. ಕರಿ ಮರಳು, ಗಾಳದ ಸೀಸದ ಗುಂಡು, ಚಿನ್ನದ ಉಂಗುರ ಒಂದೇ ತಗ್ಗಿನಲ್ಲಿ ಸೇರುವುದಕ್ಕೆ ಕಾರಣ ಇದು. ಸೀಸದ ಗುಂಡುಗಳು ಸಾಲಾಗಿ ಸಿಗತೊಡಗಿದರೆ ಅನುಭವಿಗಳು ಬೇಸರಿಸದೆ ಅಲ್ಲೇ ನಿಲ್ಲುತ್ತಾರೆ.

ಗಾತ್ರದ ಲೆಕ್ಕ

ಕಡಲತೀರದ ಕಾಯಿಲ್‌ಗಳನ್ನು ಸ್ಥೂಲವಾಗಿ ಮೂರು ಅಳತೆಗಳಲ್ಲಿ ಯೋಚಿಸಬಹುದು: 15 ಸೆಂ.ಮೀ. ಅಡ್ಡಳತೆಯ ಸಣ್ಣದು, 28 ಸೆಂ.ಮೀ. ಮಧ್ಯಮದ್ದು, 38 ಸೆಂ.ಮೀ. ದೊಡ್ಡದು. ಮಾರುಕಟ್ಟೆಯಲ್ಲಿ ಇವನ್ನೇ 6, 11, 15 ಇಂಚು ಎಂದು ಕರೆಯುತ್ತಾರೆ. ಒಂದು ಸರಳ ಮಾದರಿ ಇಟ್ಟುಕೊಳ್ಳೋಣ: ದುಂಡಗಿನ ಒಂದೇ ಸುತ್ತು, ಮೂರಕ್ಕೂ ಒಂದೇ ಪ್ರಮಾಣದ ವಿದ್ಯುತ್ತು, ನೆಲಕ್ಕೆ ತಾಗಿಸಿ ಹಿಡಿದದ್ದು, ಕಾಯಿಲ್‌ನ ನಡುವಿನ ನೇರಕ್ಕೆ ಕೆಳಗಿರುವ ಸಣ್ಣ ವಸ್ತು.

25 ಸೆಂ.ಮೀ. ಆಳದ ವಸ್ತುವಿನಿಂದ 28ರ ಕಾಯಿಲ್‌ಗೆ ಬರುವ ಸಿಗ್ನಲ್ 15ರದಕ್ಕಿಂತ ಸುಮಾರು 7 ಪಟ್ಟು, 38ರದಕ್ಕೆ ಬರುವುದು 13ರಿಂದ 14 ಪಟ್ಟು. ದೊಡ್ಡ ಕಾಯಿಲ್‌ನ ಹೊಗಳಿಕೆಗೆಲ್ಲ ಈ ಅಂಕಿಯೇ ಆಧಾರ. ವಸ್ತು 5 ಸೆಂ.ಮೀ. ಆಳದಲ್ಲಿದ್ದರೆ ಲೆಕ್ಕ ಮಗುಚುತ್ತದೆ: ಸಣ್ಣ ಕಾಯಿಲ್‌ನ ಸಿಗ್ನಲ್ ಮಧ್ಯಮದ್ದರ ಒಂದೂವರೆ ಪಟ್ಟಿಗಿಂತ ಹೆಚ್ಚು, ದೊಡ್ಡದರ ಎರಡೂವರೆ ಪಟ್ಟು.

ಇದಕ್ಕೆ ಉಪ್ಪುನೆಲವನ್ನು ಸೇರಿಸಬೇಕು. ಅದರ ಸಿಗ್ನಲ್ ಸುಮಾರಾಗಿ ಕಾಯಿಲ್ ತ್ರಿಜ್ಯದ ಘನದ ಪ್ರಮಾಣದಲ್ಲಿ ಬೆಳೆಯುತ್ತದೆ. 28ರಿಂದ 38ಕ್ಕೆ ಹೋದರೆ ನೆಲದ ಗದ್ದಲ ಎರಡೂವರೆ ಪಟ್ಟಾಗುತ್ತದೆ. ಅದೇ ಬದಲಾವಣೆಯಿಂದ 25 ಸೆಂ.ಮೀ. ಆಳದ ವಸ್ತುವಿನ ಸಿಗ್ನಲ್ ಎರಡು ಪಟ್ಟೂ ಆಗುವುದಿಲ್ಲ, 15 ಸೆಂ.ಮೀ. ಆಳದ್ದು ಕಾಲು ಭಾಗ ಮಾತ್ರ ಹೆಚ್ಚುತ್ತದೆ. ಒದ್ದೆ ಮರಳಿನಲ್ಲಿ ದೊಡ್ಡ ಕಾಯಿಲ್ ತೆಗೆದುಕೊಂಡವನು ಗದ್ದಲ ತಾಳಲಾರದೆ ಸಂವೇದನೆಯ ಗುಂಡಿಯನ್ನು ಕೆಳಕ್ಕೆ ತಿರುಗಿಸುತ್ತಾನೆ. ಅಲ್ಲಿಗೆ ಹಣ ಕೊಟ್ಟು ಪಡೆದ ಆಳ ಹೋಯಿತು. ನಿಜವಾದ ಡಿಡಿ ಕಾಯಿಲ್ ಮತ್ತು ಬಹು-ಆವರ್ತನದ ಲೆಕ್ಕಾಚಾರ ಈ ಗದ್ದಲವನ್ನು ಬಹಳ ತಗ್ಗಿಸುತ್ತವೆ, ಆದರೂ ಗಾತ್ರ ಹೆಚ್ಚಿದಂತೆ ಅದು ಏರುವ ದಿಕ್ಕು ಬದಲಾಗುವುದಿಲ್ಲ.

ಈ ಲೇಖಕನ ಅಭಿಪ್ರಾಯದಲ್ಲಿ ಒಂದೇ ಕಾಯಿಲ್ ಕೊಳ್ಳುವವರಿಗೆ 25ರಿಂದ 28 ಸೆಂ.ಮೀ. ಡಿಡಿಯೇ ಸರಿ. ಎರಡನೆಯದನ್ನು ಯಾವ ದಿಕ್ಕಿಗೆ ಕೊಳ್ಳಬೇಕೆಂಬುದನ್ನು ತಮ್ಮ ತೀರದ ಅಗಲ, ಕಸ, ಮರಳಿನ ಬಣ್ಣ ನೋಡಿ ನಿರ್ಧರಿಸಬೇಕು. ಆರಂಭದಲ್ಲೇ 38ರದನ್ನು ಕೊಂಡವರು ಬಹಳ ಸಲ ಅದನ್ನು ಮನೆಯ ಮೂಲೆಯಲ್ಲಿ ಇಡುತ್ತಾರೆ.

ಒಣ ಮರಳಿನಲ್ಲಿ

ಉಬ್ಬರದ ಗೆರೆಯ ಮೇಲಿನ ಮರಳು ಜನ ಕೂರುವ, ಮಲಗುವ, ಆಡುವ ಜಾಗ. ಇಲ್ಲಿ ಬಿದ್ದದ್ದು ಹೆಚ್ಚಾಗಿ ಇತ್ತೀಚಿನದು, ಮೇಲುಮೇಲೆಯೇ ಇರುತ್ತದೆ: ಚಿಲ್ಲರೆ ನಾಣ್ಯ, ಬೀಗದ ಕೈ, ಉಂಗುರ, ಇವುಗಳಿಗೆ ಹತ್ತು ಪಾಲು ಬಾಟಲಿ ಮುಚ್ಚಳ, ತಂಪುಪಾನೀಯ ಡಬ್ಬಿಯ ಅಲ್ಯುಮಿನಿಯಂ ಚೂರು, ಸಿಗರೇಟಿನ ಬೇಗಡೆ. ಕಸ ದಟ್ಟವಾಗಿರುವ ಕಡೆ 15ರಿಂದ 20 ಸೆಂ.ಮೀ.ಯ ಕಾನ್ಸೆಂಟ್ರಿಕ್ ಕಾಯಿಲ್ ಇಂದಿಗೂ ಬಹಳ ಒಳ್ಳೆಯದು. ನೆಲ ಮೂಕವಾಗಿರುವುದರಿಂದ ಅದರ ದೌರ್ಬಲ್ಯ ಇಲ್ಲಿ ಬಯಲಾಗುವುದಿಲ್ಲ, ಮುಚ್ಚಳ ಹಿಡಿಯುವ ಅದರ ಗುಣ ನೇರವಾಗಿ ಕೆಲಸಕ್ಕೆ ಬರುತ್ತದೆ. ಹೊಸ ಯಂತ್ರಗಳಿಗೆ ಕಾನ್ಸೆಂಟ್ರಿಕ್ ಸಿಗುವುದು ಅಪರೂಪವಾಗುತ್ತಿರುವುದು ಬೇಸರದ ವಿಷಯ.

ಅಗಲವಾದ, ಸ್ವಚ್ಛವಾದ ತೀರದಲ್ಲಿ 38 ಸೆಂ.ಮೀ.ಯ ಕಾಯಿಲ್ ತನ್ನ ಬೆಲೆ ತೋರಿಸುತ್ತದೆ. ಒಂದು ಬೀಸಿಗೆ ಹೆಚ್ಚು ನೆಲ ಮುಗಿಯುತ್ತದೆ, ಗಾಳಿ ತಂದು ಸುರಿದ ಮರಳಿನಡಿ ಹೂತದ್ದನ್ನೂ ಅದು ಮುಟ್ಟುತ್ತದೆ. ಆದರೆ ಅದರ ಭಾರ ತೋಳಿನ ಮೇಲೆ ಬೀಳುತ್ತದೆ. ಕಾಯಿಲ್ ಕೋಲಿನ ಕೊನೆಯಲ್ಲಿರುವುದರಿಂದ ಅಲ್ಲಿ ಹೆಚ್ಚುವ 200 ಗ್ರಾಂ ಒಂದೆರಡು ಗಂಟೆಯಲ್ಲಿ ಭುಜಕ್ಕೆ ಚೆನ್ನಾಗಿ ತಿಳಿಯುತ್ತದೆ.

ಒದ್ದೆ ಮರಳಿನಲ್ಲಿ, ಅಲೆಯಲ್ಲಿ

ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಒದ್ದೆ ಪಟ್ಟಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅತ್ಯಂತ ಅಗಲ. ಇಲ್ಲಿ ಬಹು-ಆವರ್ತನ ಯಂತ್ರ, ಡಿಡಿ ಕಾಯಿಲ್, ಮಧ್ಯಮ ಗಾತ್ರ: ಇವು ಮೂರೂ ಕೂಡಿದ್ದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಬೀಸುವ ರೀತಿಯಲ್ಲಿದೆ. ತೇವ ಒಂದೇ ಸಮನಾಗಿರುವುದು ನೀರಿನ ಗೆರೆಗೆ ಸಮಾನಾಂತರವಾಗಿ. ಆದ್ದರಿಂದ ಕಾಯಿಲನ್ನೂ ಆ ಗೆರೆಯ ಗುಂಟ ಬೀಸಬೇಕು. ನೀರಿನ ಕಡೆಯಿಂದ ದಂಡೆಯ ಕಡೆಗೆ ಅಡ್ಡಲಾಗಿ ಬೀಸಿದರೆ ಒಂದೇ ಬೀಸಿನಲ್ಲಿ ನೆಲ ಎರಡು ಮೂರು ಬಾರಿ ಬದಲಾಗಿ ಯಂತ್ರ ಸುಳ್ಳು ಕೂಗು ಹಾಕುತ್ತದೆ. ನೆಲದ ಹೊಂದಾಣಿಕೆಯನ್ನು, ಅಂದರೆ ಯಂತ್ರ ನೆಲದ ಸಿಗ್ನಲನ್ನು ಕಳೆಯುವಂತೆ ಹೊಂದಿಸುವುದನ್ನು, ಒದ್ದೆ ಮರಳಿನ ಮೇಲೆಯೇ ಮಾಡಬೇಕು; ಒಣ ಮರಳಿನಲ್ಲಿ ಹೊಂದಿಸಿಕೊಂಡು ಕೆಳಗಿಳಿದರೆ ಅದಕ್ಕೆ ಅರ್ಥವಿಲ್ಲ. ಬೀಸಿನ ಎರಡೂ ಕೊನೆಗಳಲ್ಲಿ ಕಾಯಿಲ್ ಮೇಲೇಳದಂತೆ ನೋಡಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು.

ಬಿರುಗಾಳಿ ಬಂದು ಮರಳನ್ನು ಕೊಚ್ಚಿ ಹೋದಾಗ ತೀರದಲ್ಲಿ ಗೋಡೆಯಂತೆ ಕಡಿದಾದ ಕಡಿತ ಉಳಿಯುತ್ತದೆ. ಫ್ಲೋರಿಡಾದವರು ಕಾಯುವುದು ಇದನ್ನೇ. ಮೀಟರ್‌ಗಟ್ಟಲೆ ಮರಳು ಸರಿದ ಮೇಲೆ ಯಾವ ಕಾಯಿಲ್‌ಗೂ ನಿಲುಕದಿದ್ದ ಪದರ ಸಣ್ಣ ಕಾಯಿಲ್‌ನ ಅಳವಿಗೂ ಬರುತ್ತದೆ. ಆಳಕ್ಕಾಗಿ ಕಾಯಿಲ್ ಬದಲಿಸುವುದಕ್ಕಿಂತ ಸಮುದ್ರ ಮರಳನ್ನು ತೆಗೆಯುವ ದಿನಕ್ಕೆ ಕಾಯುವುದು ಹೆಚ್ಚು ಫಲ ಕೊಡುತ್ತದೆ. ಕರ್ನಾಟಕ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಹೀಗೆಯೇ ಮರಳನ್ನು ಕೊರೆದೊಯ್ಯುತ್ತದೆ, ಮಳೆಗಾಲದ ನಂತರ ಅದು ಬಹುಮಟ್ಟಿಗೆ ಮರಳಿ ಬಂದು ಕೂರುತ್ತದೆ.

ಉಪ್ಪೂ ಮ್ಯಾಗ್ನೆಟೈಟೂ ಕೂಡಿದ ಕಡೆ ಪಲ್ಸ್ ಇಂಡಕ್ಷನ್ ಯಂತ್ರಕ್ಕೆ 20ರಿಂದ 28 ಸೆಂ.ಮೀ.ಯ ಮೋನೋಲೂಪ್ ಕಾಯಿಲ್ ಹಾಕುವುದು ರೂಢಿ. ಉಪ್ಪುನೀರಿನ ಸುಳಿ ವಿದ್ಯುತ್ತು ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಆರಿಹೋಗುವುದರಿಂದ, ಮಿಡಿತ ನಿಂತ ಮೇಲೆ ಹತ್ತು ಹನ್ನೆರಡು ಮೈಕ್ರೋಸೆಕೆಂಡು ಕಾದು ಆಲಿಸಿದರೆ ನೆಲ ಶಾಂತವಾಗಿರುತ್ತದೆ. ಇನ್ನಷ್ಟು ಬೇಗ ಆಲಿಸಿದರೆ ಸಣ್ಣ ಚಿನ್ನವೂ ಕೇಳಿಸೀತು, ಜೊತೆಗೆ ಉಪ್ಪೂ ಕೇಳಿಸುತ್ತದೆ. ಇಷ್ಟು ಬೇಗ ಆಲಿಸಲು ಕಾಯಿಲ್ ತಾನೇ ಬೇಗ ಶಾಂತವಾಗಬೇಕು. ಅದಕ್ಕಾಗಿ ಸುತ್ತುಗಳ ನಡುವಿನ ವಿದ್ಯುತ್ ಧಾರಕತೆ ಕಡಿಮೆ ಇರುವಂತೆ ದಪ್ಪ ನಿರೋಧಕ ಹೊದಿಕೆಯ ತಂತಿಯನ್ನು ಬಳಸುತ್ತಾರೆ. ಈ ಯಂತ್ರಗಳಲ್ಲಿ ಹೆಚ್ಚಿನವು ಕಬ್ಬಿಣವನ್ನು ಚಿನ್ನದಿಂದ ಬೇರ್ಪಡಿಸುವುದಿಲ್ಲ. ಕೇಳಿಸಿದ್ದನ್ನೆಲ್ಲ ಅಗೆಯುವ ತಾಳ್ಮೆ ಇರಬೇಕು. ಕಸ ತುಂಬಿದ ಒಣ ಮರಳಿಗೆ ಇವು ಹೇಳಿ ಮಾಡಿಸಿದವಲ್ಲ.

ನೀರಿಗಿಳಿಯುವವರು ನೋಡಬೇಕಾದ ಬೇರೆ ಕೆಲವು ಗುಣಗಳಿವೆ. ಕಾಯಿಲ್ ನೀರು ತಡೆಯುತ್ತದೆ ಎಂದರೆ ಪೆಟ್ಟಿಗೆಯೂ ತಡೆಯುತ್ತದೆ ಎಂದಲ್ಲ. ಹಲವು ಅಗ್ಗದ ಯಂತ್ರಗಳಲ್ಲಿ ಕಾಯಿಲ್ ಮಾತ್ರ ಮುಳುಗಬಹುದು. ಈಕ್ವಿನಾಕ್ಸ್ 800 ಯಂತ್ರವನ್ನು 3 ಮೀಟರ್, ಡ್ಯೂಸ್ 2ನ್ನು 20 ಮೀಟರ್, ಎಕ್ಸ್‌ಕ್ಯಾಲಿಬರ್ 2ನ್ನು ಸುಮಾರು 60 ಮೀಟರ್ ಆಳಕ್ಕೆ ಒಯ್ಯಬಹುದೆಂದು ತಯಾರಕರು ಹೇಳುತ್ತಾರೆ. ಡ್ಯೂಸ್‌ನ ಕಾಯಿಲ್ ಪೆಟ್ಟಿಗೆಯೊಂದಿಗೆ ರೇಡಿಯೋ ಮೂಲಕ ಮಾತಾಡುತ್ತದೆ. ನೀರು ಆ ಅಲೆಗಳನ್ನು ತಡೆಯುವುದರಿಂದ ಮುಳುಗುವಾಗ ಎರಡರ ನಡುವೆ ಆಂಟೆನಾ ತಂತಿ ಕಟ್ಟಬೇಕು. ಒಳಗೆ ಟೊಳ್ಳಿರುವ ಹಗುರ ಕಾಯಿಲ್ ನೀರಿನಲ್ಲಿ ತೇಲಲು ನೋಡುತ್ತದೆ, ಅದನ್ನು ತಳಕ್ಕೆ ಒತ್ತಿ ಹಿಡಿಯುವುದೇ ಒಂದು ಕೆಲಸವಾಗುತ್ತದೆ. ತೂತುಗಳಿರುವ ಚೌಕಟ್ಟಿನ ಕಾಯಿಲ್ ನೀರನ್ನು ಸೀಳಿಕೊಂಡು ಹೋಗುತ್ತದೆ, ಮುಚ್ಚಿದ ಬಿಲ್ಲೆ ಅಲೆಗೆ ಅಡ್ಡ ನಿಲ್ಲುತ್ತದೆ.

ಕಾಯಿಲ್‌ನ ತಳಕ್ಕೆ ಹಾಕುವ ಪ್ಲಾಸ್ಟಿಕ್ ಕವಚದ ಬಗ್ಗೆ ಒಂದು ಎಚ್ಚರಿಕೆ. ಕವಚಕ್ಕೂ ಕಾಯಿಲ್‌ಗೂ ನಡುವೆ ಉಪ್ಪುನೀರು, ಕರಿ ಮರಳು ಸೇರಿಕೊಂಡರೆ ಅದು ಪ್ರತಿ ಬೀಸಿಗೂ ಕಾಯಿಲ್‌ನ ತೀರಾ ಹತ್ತಿರ ಅಲುಗಾಡುತ್ತ ಸುಳ್ಳು ಸಿಗ್ನಲ್ ಕೊಡುತ್ತದೆ. ಯಂತ್ರ ಕೆಟ್ಟಿತೆಂದು ದುರಸ್ತಿಗೆ ಕಳಿಸುವ ಮುನ್ನ ಕವಚ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಬೇಕು. ಕೇಬಲ್ ಕೋಲಿಗೆ ಬಿಗಿಯಾಗಿ ಸುತ್ತಿರಬೇಕು, ಸಡಿಲ ಕೇಬಲ್ ಕಾಯಿಲ್‌ನ ಮೇಲೆ ಆಡಿದರೂ ಅದೇ ಫಲ. ಒಂದು ಯಂತ್ರದ ಕಾಯಿಲ್ ಇನ್ನೊಂದಕ್ಕೆ ಹೊಂದುತ್ತದೆಂದು ಪ್ಲಗ್ ನೋಡಿ ಊಹಿಸಬಾರದು. ಸುತ್ತುಗಳ ಇಂಡಕ್ಟನ್ಸ್ ಆ ಯಂತ್ರಕ್ಕೇ ಲೆಕ್ಕಹಾಕಿದ್ದು. ಬಹು-ಆವರ್ತನ ಯಂತ್ರಗಳ ಕೆಲವು ಕಾಯಿಲ್‌ಗಳೊಳಗೆ ಗುರುತಿನ ಚಿಪ್ ಕೂಡ ಇರುತ್ತದೆ.

ಕಾನೂನು, ಗೂಡುಗಳು

ಫ್ಲೋರಿಡಾದಲ್ಲಿ ರಾಜ್ಯಕ್ಕೆ ಸೇರಿದ ಮುಳುಗಿದ ನೆಲದ ಐತಿಹಾಸಿಕ ವಸ್ತುಗಳು ರಾಜ್ಯದ ಸ್ವತ್ತು. ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಆ್ಯಕ್ಟ್ ಅನ್ವಯಿಸುತ್ತದೆ. ಭಾರತದಲ್ಲಿ 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರ್‌ಗೆ ಲಿಖಿತವಾಗಿ ತಿಳಿಸಬೇಕು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ.

ಒಣ ಮರಳಿನಲ್ಲಿ ಅಗೆಯುವವರು ಇನ್ನೊಂದನ್ನು ನೆನಪಿಡಬೇಕು. ಕಡಲಾಮೆಗಳು ಮೊಟ್ಟೆಯಿಡುವುದು ಉಬ್ಬರದ ಗೆರೆಯ ಮೇಲಿನ ಮರಳಿನಲ್ಲಿ, ಅರ್ಧ ಮೀಟರ್ ಆಸುಪಾಸಿನ ಆಳದಲ್ಲಿ. ದೊಡ್ಡ ಕಾಯಿಲ್‌ನ ಕೂಗಿಗೆ ಓಗೊಟ್ಟು ತೋಡುವ ಗುಂಡಿ ಅಲ್ಲಿಯವರೆಗೆ ಹೋಗಬಲ್ಲದು. ಫ್ಲೋರಿಡಾದ ಅಟ್ಲಾಂಟಿಕ್ ತೀರದಲ್ಲಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಗೂಡುಗಳ ಕಾಲ. ಕುಂದಾಪುರದಿಂದ ಹೊನ್ನಾವರ, ಕಾರವಾರದ ತನಕ ಆಲಿವ್ ರಿಡ್ಲೆ ಆಮೆಗಳು ಚಳಿಗಾಲದ ತಿಂಗಳುಗಳಲ್ಲಿ ದಂಡೆಗೆ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಆಮೆಗಳ ಗೂಡಿಗೆ ಅರಣ್ಯ ಇಲಾಖೆ ಬೇಲಿ ಕಟ್ಟಿದ್ದರೆ ಅದರ ಸುತ್ತ ಕಾಯಿಲ್ ಬೀಸಬಾರದು. ಬೇಲಿಯಿಲ್ಲದ ಕಡೆಯೂ ಮರಳಿನ ಮೇಲೆ ಆಮೆ ತೆವಳಿದ ಹೆಜ್ಜೆಸಾಲು ಕಂಡರೆ ಒದ್ದೆ ಪಟ್ಟಿಗೆ ಇಳಿದು ಹುಡುಕಬೇಕು.